ಟ್ಯಾಕ್ಸಿ ಡೆಲ್ಮರ್

ಡೆಲ್ಮರ್ ಕ್ರೌಸ್ ಎಡಗೈಯವನು. ಮಾಡುವುದೆಲ್ಲ ಎಡವಟ್ಟೇ ಎಂದು ಅವನ ತಂಡದವರೇ ಆಡಿಕೊಳ್ಳುತ್ತಿದ್ದರು. ಹನ್ನೊಂದು ವರ್ಷದಿಂದ ಓಹಾಯೋದ ಸಣ್ಣಪುಟ್ಟ ಊರುಗಳ ಬೇಸ್‌ಬಾಲ್ ತಂಡಗಳಲ್ಲಿ ಅವನದು ಒಂದೇ ಕಸುಬು: ಮೊದಲ ಪಿಚರ್ ಸುಸ್ತಾದಾಗ ಬಂದು ಚೆಂಡೆಸೆಯುವುದು. ರಿಲೀಫ್ ಪಿಚರ್ ಅಂತ ಹೆಸರು. ರಿಲೀಫು ಸಿಗುತ್ತಿದ್ದದ್ದು ಎದುರಾಳಿಗಳಿಗೆ.

ಹಿಂದಿನ ಪಿಚರ್ ಬೇಸ್‌ಗಳಲ್ಲಿ ಬಿಟ್ಟುಹೋದ ಎದುರಾಳಿ ಓಟಗಾರ ಕೊನೆಯ ಬೇಸಾದ ಹೋಮ್, ಅಂದರೆ ಮನೆ, ಮುಟ್ಟಿದರೆ ಆ ರನ್ನು ಬಿಟ್ಟುಹೋದವನ ತಲೆಗೇ. ನಿಯಮವೇ ಹಾಗೆ. ಡೆಲ್ಮರ್‌ಗೆ ಅದು ಬಾಯಿಪಾಠ. ಕೈ ಬಿಸಿಯಾಗಲಿ ಅಂತ ಮೊದಲೆರಡು ಎಸೆತ ಸಡಿಲ ಬಿಡುತ್ತಿದ್ದ. ಹಿಂದಿನವನು ಬಿಟ್ಟ ಓಟಗಾರರೆಲ್ಲ ಮನೆ ಸೇರಿದ ಮೇಲೆ ಅವನ ಚೆಂಡನ್ನು ಮುಟ್ಟುವವರಿಲ್ಲ! ಬೈದರೆ ಬೈಯಲಿ, ತನ್ನ ಅಂಕಿ ಚೊಕ್ಕವಾಗಿದೆಯಲ್ಲ. ಎಲ್ಲರನ್ನೂ ಮನೆ ಮುಟ್ಟಿಸುವವನಿಗೆ ತಂಡ 'ಟ್ಯಾಕ್ಸಿ' ಎಂದು ಹೆಸರಿಟ್ಟು, ಅವನ ಶೂಗಳಿಗೆ ಸಾಸಿವೆ ಸಾಸ್ ಸುರಿಯಿತು.

ಎಪ್ಪತ್ತೊಂದರ ಆಗಸ್ಟ್. ಒಂದೇ ರನ್ ಮುಂದಿರುವಾಗ ಮೊದಲ ಪಿಚರ್ ಓರಿನ್ ಪಿಕೆಟ್ ಮೂರೂ ಬೇಸ್‌ಗಳಲ್ಲಿ ಎದುರಾಳಿಗಳನ್ನು ತುಂಬಿಸಿ ಕುಸಿದ. ಮ್ಯಾನೇಜರ್ ಹಾಸ್ಕಿನ್ಸ್ ಡೆಲ್ಮರ್‌ನ ಕೈಗೆ ಚೆಂಡು ಕುಕ್ಕಿದ.

"ಕೇಳಯ್ಯ. ಈ ಮೂವರಲ್ಲಿ ಒಬ್ಬ ಮನೆ ಸೇರಿದ್ರೂ ನೀನೂ ಮನೆ ಸೇರ್ತೀಯ. ಇವತ್ತೇ."

"ಅವರು ನನ್ನೋರು ಕಣೋ," ಎಂದ ಪಿಕೆಟ್, ಹೋಗುತ್ತಾ. "ನಿಂತಲ್ಲೇ ನಿಲ್ಲಿಸು."

ಭಯ ಒಳ್ಳೆಯ ಮೇಷ್ಟ್ರು. ಮೊದಲ ಎಸೆತವೇ ಬೆಂಕಿ. ಇಬ್ಬರು ಔಟ್. ಜನ ಬೈಯುವುದನ್ನೇ ಮರೆತರು. ಬ್ಯಾಟ್ ಹಿಡಿದು ಬಂದ ಮೂರನೆಯವನು ಬ್ರಂಡಿಜ್ ಎಂಬ ಡೊಳ್ಳುಹೊಟ್ಟೆ.

"ಏ ಟ್ಯಾಕ್ಸಿ! ಮೀಟರ್ ಹಾಕೋ, ಹೆಂಡ್ತಿ ಕಾಯ್ತಿದಾಳೆ!"

ಕಿಸಕ್ಕೆಂದು ನಕ್ಕದ್ದು ಎದುರಾಳಿಯಲ್ಲ, ಡೆಲ್ಮರ್‌ನ ಬೆನ್ನ ಹಿಂದೆ ನಿಂತಿದ್ದ ಅವನದೇ ತಂಡದವನು. ಎಲ್ಲಿಗೆ ಎಸೆಯಬೇಕೆಂಬ ಕ್ಯಾಚರ್‌ನ ಸನ್ನೆಯನ್ನು ಡೆಲ್ಮರ್ ನೋಡಲಿಲ್ಲ. ಚೆಂಡು ನೆಟ್ಟಗೆ ಬ್ರಂಡಿಜ್‌ನ ಪಕ್ಕೆಲುಬಿಗೆ ಬಡಿಯಿತು.

ಪೆಟ್ಟು ತಿಂದವನಿಗೆ ಫಸ್ಟ್ ಬೇಸ್ ಪುಕ್ಕಟೆ. ಮುಂದಿದ್ದವರೆಲ್ಲ ಒಂದೊಂದು ಬೇಸ್ ಸರಿಯಬೇಕು. ಪಿಕೆಟ್‌ನ ಓಟಗಾರನೊಬ್ಬ ನಡೆದುಕೊಂಡೇ ಹೋಮ್ ಮುಟ್ಟಿದ. ಡೆಲ್ಮರ್‌ನ ಕೆಲಸ ಹೋಮವಾಯಿತು.

ಹಾಸ್ಕಿನ್ಸ್ ಬಂದು ಅಂಗೈ ಚಾಚಿದ. "ಚೆಂಡು ಕೊಡು. ಕೈಯಂತೂ ಆಗಲೇ ಕೊಟ್ಟಿದ್ದೀಯ."

ಡೆಲ್ಮರ್ ಬಟ್ಟೆ ಬದಲಿಸಲು ಹೊರಟರೆ ಪಿಕೆಟ್ ಬೆಲ್ಟ್ ಹಿಡಿದು ಬೆಂಚಿಗೆ ಎಳೆದ.

"ಎಲ್ಲಿಗೆ? ಫಸ್ಟ್ ಬೇಸ್‌ನಲ್ಲಿ ಪಕ್ಕೆ ಉಜ್ಕೊಂಡು ನಿಂತಿದಾನಲ್ಲ, ಅವನು ನಿನ್ನೋನು. ನಿನ್ನ ಜಾಗಕ್ಕೆ ಬಂದ ಹೊಸಬ ಅವನನ್ನ ಏನು ಮಾಡ್ತಾನೋ, ಕೂತ್ಕೊಂಡು ನೋಡು."

ಡೆಲ್ಮರ್ ಕೂತ. ಕಣ್ಣು ಮುಚ್ಚೋಣವೆಂದರೆ ಪಿಕೆಟ್ ಆಟ ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದ.