ದೊಡ್ಡಪ್ಪನ ಹೆಸರು ಕೆತ್ತಿಸಿದ್ದು

ಅಜ್ಜಂಪುರದ ಹೊಸ ಸಮುದಾಯ ಭವನಕ್ಕೆ ಹೆಸರಿಡುವ ಸಭೆಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಸಾರ್ವಜನಿಕರು ಬರಬಹುದು ಎಂದು ಚೀಟಿ ಅಂಟಿಸಿದ್ದರು, ಹೋದೆ. ತರೀಕೆರೆಯ ಶಾಲೆಯಲ್ಲಿ ಮೂವತ್ತು ವರ್ಷ ಸಮಾಜ ಪಾಠ ಹೇಳಿ ನಿವೃತ್ತಳಾದವಳು ನಾನು. ಸಭೆ ಎಂದರೆ ಕಾಲು ನಿಲ್ಲುವುದಿಲ್ಲ, ಅಲ್ಲಿಗೆ ಹೋದ ಮೇಲೆ ಬಾಯಿ ನಿಲ್ಲುವುದಿಲ್ಲ.

ಗೋಡೆಗೆ ಬಣ್ಣ ಬೀಳುವ ಮೊದಲೇ ಹೆಸರಿಗೆ ಜಗಳ ಹತ್ತಿತ್ತು. ಒಂದು ಗುಂಪಿಗೆ ಮಠದ ಹಿರಿಯ ಸ್ವಾಮಿಗಳ ಹೆಸರು ಬೇಕು, ಇನ್ನೊಂದಕ್ಕೆ ಜಾಗ ಕೊಟ್ಟ ಮನೆತನದ ಹೆಸರು, ಮೂರನೆಯವರಿಗೆ ತಮ್ಮ ನಾಯಕರದ್ದೇ ಆಗಬೇಕು. ಕುರ್ಚಿ ಮೇಲೇಳುವ ಹೊತ್ತಿಗೆ ನಾನು ಎದ್ದು ನಿಂತು, ಈ ಸೀಮೆಯಿಂದ ಯುದ್ಧಕ್ಕೆ ಹೋದವರ ಹೆಸರಲ್ಲಿ ಕರೆಯಿರಿ, ಬೇಡ ಅನ್ನುವ ಗಂಡಸು ಯಾರಿದ್ದೀರಿ ನೋಡೋಣ ಅಂದೆ. ಎದ್ದ ಕುರ್ಚಿಗಳು ಕೆಳಗಿಳಿದವು. ‘ಯೋಧರ ಭವನ’ ಎಂದು ಆವತ್ತೇ ಠರಾವಾಯಿತು. ಬಸ್ಸಿನಲ್ಲಿ ತರೀಕೆರೆಗೆ ವಾಪಸು ಬರುವಾಗ ನನ್ನಷ್ಟು ಬೀಗಿದವರು ಆ ಬಸ್ಸಿನಲ್ಲಿ ಇರಲಿಕ್ಕಿಲ್ಲ.

ಭವನದ ಬಾಗಿಲ ಪಕ್ಕ ಒಂದು ಕಲ್ಲು, ಅದರಲ್ಲಿ ಹೆಸರುಗಳು ಎಂದು ಸಮಿತಿಯವರು ತೀರ್ಮಾನಿಸಿದರು. ನಮ್ಮ ದೊಡ್ಡಪ್ಪನ ಹೆಸರನ್ನು ಬರೆದುಕೊಟ್ಟವಳು ನಾನು.

ದೊಡ್ಡಪ್ಪ ಎಂದರೆ ನನ್ನ ತಾಯಿಯ ಅಕ್ಕನ ಗಂಡ. ಮದುವೆಯಾಗಿ ಒಂದು ವರ್ಷ ತುಂಬಿರಲಿಲ್ಲ, ಎಪ್ಪತ್ತೊಂದರ ಯುದ್ಧಕ್ಕೆ ಹೋದರು. ಕಾಣೆಯಾಗಿದ್ದಾರೆ ಎಂದು ಕಾಗದ ಬಂತು. ಹೆಣ ಬರಲಿಲ್ಲ, ಬೂದಿಯೂ ಬರಲಿಲ್ಲ. ಕೆಲವು ವರ್ಷ ಕಾದು, ಸತ್ತಿದ್ದಾರೆಂದೇ ಲೆಕ್ಕ ಹಿಡಿದು ಸೈನ್ಯದವರು ಪಿಂಚಣಿ ಕೊಟ್ಟರು. ಆ ಕಾಗದಗಳನ್ನೆಲ್ಲ ನೋಡಿಕೊಂಡದ್ದು ದೊಡ್ಡಮ್ಮನ ಮಾವ. ಒತ್ತು ಅಂದಲ್ಲಿ ಅವಳು ಹೆಬ್ಬೆಟ್ಟು ಒತ್ತಿದಳು. ಗಂಡನ ಸಂಬಳ ಮನೆಗೆ ಬರುತ್ತಿದೆ ಎಂದೇ ಅವಳ ತಿಳುವಳಿಕೆ. ಹೆಣವೇ ಇಲ್ಲದ ಮೇಲೆ ತಾಳಿ ತೆಗೆ ಅನ್ನುವವರು ಯಾರು? ಮಾವ ಅನ್ನಲಿಲ್ಲ, ಊರೂ ಅನ್ನಲಿಲ್ಲ. ಅಜ್ಜಂಪುರದಿಂದ ಎರಡು ಮೈಲಿಯ ಅವರ ಹಳ್ಳಿಯಲ್ಲಿ, ಗೌರಿ ಹಬ್ಬಕ್ಕೆ ಅವಳಿಗೆ ಬಾಗಿನ ಬಂತು, ಮದುವೆ ಮನೆಗಳಲ್ಲಿ ಅರಿಶಿನ ಕುಟ್ಟುವ ಐವರು ಮುತ್ತೈದೆಯರಲ್ಲಿ ಅವಳಿಗೊಂದು ಒನಕೆ ಸಿಕ್ಕಿತು. ಊರು ಒಂದು ಮಾತೂ ಆಡದೆ ಐವತ್ತು ವರ್ಷ ಕಾಪಾಡಿಕೊಂಡು ಬಂದ ಕುಂಕುಮ ಅದು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ತಲೆಗೆ ಹೋಗಲಿಲ್ಲ. ನನ್ನ ಯಜಮಾನರು ಹೋಗಿ ನಾಲ್ಕು ವರ್ಷವಾಯಿತು, ನಾನು ಇವತ್ತಿಗೂ ಬೊಟ್ಟು ಇಡುತ್ತೇನೆ. ಕೇಳುವ ಧೈರ್ಯ ಯಾರಿಗಿದೆ ನೋಡಿಯೇ ಬಿಡೋಣ ಎಂದು ಕಾಸಿನಗಲ ಇಡುತ್ತೇನೆ. ಕುಂಕುಮ ಎಂದರೆ ಅಷ್ಟೇ, ನಮ್ಮಿಷ್ಟ ಎಂದು ತಿಳಿದಿದ್ದ ಜಾಣೆ ನಾನು. ಪಿಂಚಣಿ ಪುಸ್ತಕ ನೋಡಿ ಸಮಿತಿಯವರ ಅರ್ಜಿ ತುಂಬಿದೆ. ‘ಮೃತರ ಪತ್ನಿ’ ಎಂಬಲ್ಲಿ ದೊಡ್ಡಮ್ಮನ ಹೆಸರನ್ನು ನನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದೆ.

ಅವಳಿಗೆ ಹೇಳಿದ್ದು ಇಷ್ಟೇ: “ಯುದ್ಧಕ್ಕೆ ಹೋದವರ ಹೆಸರು ಕಲ್ಲಲ್ಲಿ ಕೆತ್ತುತ್ತಾರೆ ದೊಡ್ಡಮ್ಮ, ದೊಡ್ಡಪ್ಪನದ್ದೂ ಬರುತ್ತೆ.”

ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದವಳು ಮುಖ ಅರಳಿಸಿಕೊಂಡು, “ಕೆತ್ಲಿ ಬಿಡು ಮಗ. ಬಂದಾಗ ನೋಡ್ಕಂತಾರೆ” ಅಂದಳು.

ವಯಸ್ಸಾದವರ ಮಾತು ಎಂದು ನಕ್ಕು, ಕಾಫಿ ಕುಡಿದು ಬಂದೆ.

ಕಲ್ಲು ಕಡೂರಿನಲ್ಲಿ ತಯಾರಾಗುತ್ತಿತ್ತು. ನೋಡಲು ಹೋದೆ. ಮೇಲೆ ದಪ್ಪ ಅಕ್ಷರದಲ್ಲಿ ‘ವೀರಮರಣ ಹೊಂದಿದ ನಮ್ಮ ಯೋಧರು’, ಐದನೆಯ ಸಾಲಿನಲ್ಲಿ ದೊಡ್ಡಪ್ಪ. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಫೋಟೊ ಹಿಡಿದು ನೆಂಟರ ಗುಂಪಿಗೆಲ್ಲ ಕಳಿಸಿದೆ. ಕೈ ಮುಗಿಯುವ ಚಿತ್ರಗಳು ಸಾಲುಸಾಲು ಬಂದವು.

ಹತ್ತು ದಿನಕ್ಕೆ ಲಿಂಗದಹಳ್ಳಿಯಲ್ಲಿ ನಮ್ಮವರ ಮದುವೆ. ಚಪ್ಪರದ ದಿನ ಒರಳಿಗೆ ಅರಿಶಿನ ಹಾಕಿ ಮುತ್ತೈದೆಯರನ್ನು ಕರೆದರು. ದೊಡ್ಡಮ್ಮ ರೂಢಿಯ ಹಾಗೆ ಸೆರಗು ಸಿಕ್ಕಿಸಿಕೊಂಡು ಎದ್ದಳು. ಮದುಮಗಳ ತಾಯಿ ಅವಳ ಭುಜ ಹಿಡಿದು, “ನೀವು ಕೂತ್ಕಳಿ ಅತ್ತೆ, ಸುಸ್ತಾಗ್ತೈತೆ” ಎಂದು ಕೂರಿಸಿ, ಪಕ್ಕದ ಮನೆಯವಳನ್ನು ಕರೆದಳು. ದೊಡ್ಡಮ್ಮ ಸಿಕ್ಕಿಸಿದ ಸೆರಗನ್ನು ಬಿಚ್ಚಿಕೊಂಡು ಕೂತಳು. ಕುಂಕುಮದ ತಟ್ಟೆ ಸಾಲಿನಲ್ಲಿ ಬಂದದ್ದು ಅವಳನ್ನು ದಾಟಿ ನನ್ನ ಮುಂದೆ ನಿಂತಿತು. ಸತ್ತ ಗಂಡನ ಹೆಂಡತಿಯಾದ ನನ್ನ ಮುಂದೆ! ನನ್ನ ಬಾಯಿಗೆ ಹೆದರಿ ಕೊಟ್ಟರು, ಅವಳ ಮೆದು ಸ್ವಭಾವ ನೋಡಿ ಬಿಟ್ಟರು. ಅಲ್ಲೇ ಕಿರುಚಬೇಕು ಅನ್ನಿಸಿತು. ಏನೆಂದು ಕಿರುಚಲಿ? ಆ ಫೋಟೊ ಕಳಿಸಿದವಳು ನಾನೇ.

ಉದ್ಘಾಟನೆಗೆ ಆರು ದಿನವಿತ್ತು. ಆ ಆರು ದಿನ ನಾನು ಹುಚ್ಚಿಯ ಹಾಗೆ ತಿರುಗಿದೆ. ಕಡೂರಿಗೆ ಹೋಗಿ ಕಲ್ಲು ಕೆತ್ತುವವರ ಎದುರು ನಿಂತು, ಆ ಒಂದು ಸಾಲು ಅಳಿಸಿಕೊಡಿ ಅಂದೆ. “ಗ್ರಾನೈಟ್ ಕಣ್ರೀ ಮೇಡಂ, ಅಳಿಸೋಕೆ ಸ್ಲೇಟಾ? ಉಜ್ಜಿದ್ರೆ ಗುಳಿ ಬೀಳ್ತದೆ. ಸಮಿತಿಯೋರು ಹೇಳ್ದೆ ನಾ ಉಳಿ ಮುಟ್ಟಲ್ಲ” ಅಂದರು. ಅಜ್ಜಂಪುರಕ್ಕೆ ಓಡಿದೆ. ಸಮಿತಿಯ ಅಧ್ಯಕ್ಷರು ನನ್ನ ಅರ್ಜಿಯನ್ನೇ ತೆಗೆದು ಮೇಜಿನ ಮೇಲಿಟ್ಟರು. “ನೀವೇ ಬರ್ಕೊಟ್ಟಿದ್ದು. ಈಗ ಹೆಸರು ತೆಗುದ್ರೆ ಯೋಧಂಗೆ ಅವಮಾನ ಅಂತ ಪೇಪರ್‌ನೋರು ನಮ್ ಮಾನ ಹರಾಜು ಹಾಕ್ತಾರೆ” ಅಂದರು. ಹಾಗಾದರೆ ಮೇಲಿನ ಸಾಲನ್ನಾದರೂ ಬದಲಿಸಿ, ಯುದ್ಧಕ್ಕೆ ಹೋದವರು ಎಂದಷ್ಟೇ ಹಾಕಿ ಎಂದು ಕೈ ಮುಗಿದೆ. ಜನ್ಮದಲ್ಲಿ ಯಾರ ಮುಂದೆಯೂ ಹಾಗೆ ಮುಗಿದವಳಲ್ಲ. ಉಳಿದ ಮನೆಯವರು ಒಪ್ಪಿದರೆ ನೋಡೋಣ ಅಂದರು.

ಮೊದಲ ಮನೆ ತರೀಕೆರೆಯಲ್ಲೇ. ಗಡಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿ. ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, “ನನ್ ಮಗ ಸತ್ತಿದ್ದನ್ನ ಸತ್ತ ಅಂತ ಬರೀಬೇಡಿ ಅಂತೀರೇನವ್ವ? ಬರೀ ಹೋಗಿದ್ದ, ಬಂದ ಅಂತ ಓದ್ಕಳಾದಾ ಜನ?” ಅಂದರು. ಆ ಮನೆಯ ಮೆಟ್ಟಿಲು ಇಳಿದು ನೇರ ಮನೆಗೆ ಬಂದೆ. ಎರಡನೆಯ ಮನೆಗೆ ಹೋಗಲಿಲ್ಲ.

ದೊಡ್ಡಮ್ಮ ಬರುವುದು ಬೇಡ ಎಂದು ಹೇಳಿ ನೋಡಿದೆ. ಬಿಸಿಲು ಅಂದೆ, ಜನ ಜಾಸ್ತಿ ಅಂದೆ. “ನಿಮ್ ದೊಡ್ಡಪ್ಪನ್ ಹೆಸ್ರು ಇಡೋ ದಿನ ನಾನ್ ಹೋಗ್ದೆ ಇನ್ಯಾರ್ ಹೋಗ್ತಾರೆ?” ಎಂದು ಹಸಿರು ರೇಷ್ಮೆ ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಬಂದಳು.

ಬಾಗಿಲಲ್ಲಿ ಇಬ್ಬರು ಹುಡುಗಿಯರು. ಒಬ್ಬಳು ಹೆಂಗಸರಿಗೆಲ್ಲ ಕುಂಕುಮ, ಹೂವು ಕೊಡುತ್ತಿದ್ದಳು. ಇನ್ನೊಬ್ಬಳು ಪಟ್ಟಿ ನೋಡಿ ದೊಡ್ಡಮ್ಮನ ಸೆರಗಿಗೆ ‘ವೀರಯೋಧರ ಪತ್ನಿ’ ಎಂಬ ಬಿಲ್ಲೆ ಚುಚ್ಚಿದಳು. ದೊಡ್ಡಮ್ಮ ಕುಂಕುಮಕ್ಕೆ ಹಣೆ ಮುಂದೆ ಮಾಡಿದಳು. ತಟ್ಟೆಯ ಹುಡುಗಿ ಬಿಲ್ಲೆ ನೋಡಿದಳು, ಹಣೆ ನೋಡಿದಳು, ಬೆರಳಲ್ಲಿ ತೆಗೆದಿದ್ದ ಕುಂಕುಮವನ್ನು ವಾಪಸು ಬಟ್ಟಲಿಗೆ ಉದುರಿಸಿದಳು. ಪಾಪ, ಅವಳದೇನು ತಪ್ಪು? ಯಾರೋ ಹಾಗೆ ಹೇಳಿಕೊಟ್ಟಿದ್ದರು. ನಾನು “ಕೊಡಮ್ಮ” ಎಂದು ಗದರಿದೆ. ಅಷ್ಟರಲ್ಲಿ ದೊಡ್ಡಮ್ಮ ಮುಂದೆ ಹೋಗಿಯಾಗಿತ್ತು.

ಕಲ್ಲಿನ ಮುಂದೆ ನಿಂತು ನನ್ನ ಕೈ ಹಿಡಿದುಕೊಂಡಳು.

“ಲಿಂಗದಳ್ಳೀಲೂ ಹಿಂಗೇ ಮಾಡುದ್ರು. ಏನ್ ಬರ್ದವ್ರೆ ಅದ್ರಲ್ಲಿ? ಓದು.”

“ಯುದ್ಧಕ್ಕೆ ಹೋದ ನಮ್ಮ ಯೋಧರು,” ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. “ಮಕ್ಳಿಗೆ ಪಾಠ ಹೇಳಿದೋಳು ನೀನು. ಬರ್ದಿರೋದನ್ನ ಓದು ಮಗ.”

ಓದಿದೆ. ಒಂದೊಂದೇ ಅಕ್ಷರ ಓದಿದೆ. ಮೈಕಿನಲ್ಲಿ ಯಾರೋ ಜೈಕಾರ ಹಾಕಿಸುತ್ತಿದ್ದರು. ಅವಳು ಅಳುತ್ತಾಳೆ, ಬೈಯುತ್ತಾಳೆ, ಬಳೆ ಕುಕ್ಕಿಕೊಳ್ಳುತ್ತಾಳೆ ಎಂದು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ನನ್ನನ್ನು ಬೈದಿದ್ದರೆ ಇವತ್ತು ಇಷ್ಟು ಉರಿಯುತ್ತಿರಲಿಲ್ಲ. ಅವಳಿಗೆ ಆ ಕ್ಷಣ ನಾನೂ ಬೇಕಿರಲಿಲ್ಲ, ತನ್ನ ಕುಂಕುಮವೂ ಬೇಕಿರಲಿಲ್ಲ.

“ಪಿತೃಪಕ್ಷದಲ್ಲಿ ಅತ್ತೆ ಮಾವಂಗೆ ವರ್ಷ ವರ್ಷ ಎಡೆ ಇಟ್ಟೆ ಕಣೇ,” ಅಂದಳು. “ಅವ್ರಿಗೆ ಒಂದ್ಸಲನೂ ಇಡ್ಲಿಲ್ಲ. ಇಷ್ಟ್ ವರ್ಷ ಹಸ್ಕಂಡೇ ಇದ್ರಲ್ಲೇ.”