ಮುದ್ದೆ ಅಗಿದವಳು

ಹದಿನೈದರ ವಯಸ್ಸಿನಲ್ಲಿ ನನಗಿದ್ದದ್ದು ಒಂದೇ ಚಿಂತೆ: ಮನೆ ಓನರ್ ಮಗಳು ನನ್ನನ್ನು ತನ್ನ ಗುಂಪಿಗೆ ಸೇರಿಸಿಕೊಳ್ಳಬೇಕು. ಪರೀಕ್ಷೆ, ಮೊಡವೆ ಎಲ್ಲ ಆಮೇಲೆ. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ನಾವು ವಿಜಯಪುರದ ಕಡೆಯಿಂದ ಮುದ್ದೆ ಸೀಮೆಯ ಶೆಟ್ಟಿಹಳ್ಳಿಗೆ ಬಂದಿದ್ದೆವು. ಓನರ್ ಮನೆಯವರು ಆ ಊರಿನ ಹಳೇ ಒಕ್ಕಲು. ಹೊಲವಿದ್ದ ಜಾಗದಲ್ಲೇ ಮಹಡಿ ಎಬ್ಬಿಸಿ, ಮೇಲಿನದನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದರು. ಅವರ ಮಗಳೂ ನಾನೂ ಒಂದೇ ಕ್ಲಾಸು. ಅವಳ ಸುತ್ತ ಸದಾ ಒಂದಷ್ಟು ಹುಡುಗಿಯರು. ಅವರು ನಕ್ಕರೆ ನಾನೂ ನಗುತ್ತಿದ್ದೆ, ಯಾಕೆಂದು ಗೊತ್ತಿಲ್ಲದೆ.

ಒಂದು ಶನಿವಾರ ಕೊನೆಗೂ ಊಟಕ್ಕೆ ಕರೆದಳು. ಗುಂಪೆಲ್ಲ ಅಲ್ಲೇ ಇತ್ತು. ಮುದ್ದೆ, ಬಸ್ಸಾರು. ತಿನ್ನುವ ವಸ್ತುವನ್ನು ಅಗಿಯಬಾರದು ಅಂತ ನನಗೆ ಯಾರು ಹೇಳಿದ್ದರು? ಮುರಿದೆ, ಅದ್ದಿದೆ, ಬಾಯಿಗಿಟ್ಟು ರೊಟ್ಟಿ ಅಗಿದ ಹಾಗೆ ಅಗಿದೆ. ಅದು ಹಲ್ಲಿಗೆಲ್ಲ ಮೆತ್ತಿಕೊಂಡಿತು. ಓನರ್ ಮಗಳು ಊಟ ಬಿಟ್ಟು ನಕ್ಕಳು.

"ಲೇ, ನೋಡ್ರೇ, ಮುದ್ದೇನ ಚೂಯಿಂಗ್ ಗಮ್ ಥರ ಅಗೀತಾಳೆ. ನುಂಗ್ಬೇಕು ಕಣೇ."

ಸೋಮವಾರದ ಹೊತ್ತಿಗೆ ಇಡೀ ಬೀದಿಗೆ, ಇಡೀ ಕ್ಲಾಸಿಗೆ ನಾನು 'ಗಮ್' ಆಗಿದ್ದೆ. ನಾಚಿಕೆಯಿಂದ ಸತ್ತೇ ಹೋದೆ. ಮೈಯೂ ಉರಿಯಿತು. ಆದರೂ ಅವಳ ಸ್ನೇಹವೇ ಬೇಕಿತ್ತು ನೋಡಿ, ಅದೆಂಥ ಹುಚ್ಚೋ.

ಮನೆಯಲ್ಲಿ ಅಭ್ಯಾಸ ಶುರು ಮಾಡಿದೆ. ಅವ್ವನಿಗೆ ಮುದ್ದೆ ಕಟ್ಟಲು ಬರುತ್ತಿರಲಿಲ್ಲ. ಕೈ ಸುಟ್ಟುಕೊಂಡು, ಗಂಟುಗಂಟಾಗಿ ಮಾಡಿಕೊಟ್ಟಳು. ನಾನು ನುಂಗಲು ಹೋಗಿ ಕಣ್ಣಲ್ಲಿ ನೀರು ತಂದುಕೊಂಡರೆ ಬೆನ್ನಿಗೆ ಗುದ್ದಿ ಬೈದಳು.

"ದೇವ್ರು ಹಲ್ಲು ಯಾಕ ಕೊಟ್ಟಾನ? ಮಂದಿ ನಕ್ರಂತ ನುಂಗಿ ಸಾಯ್ತಿ ಏನ?"

ರಾಜ್ಯೋತ್ಸವಕ್ಕೆ ನಮ್ಮ ಬೀದಿಯ ಹುಡುಗರು ಮುದ್ದೆ ಉಣ್ಣುವ ಸ್ಪರ್ಧೆ ಇಟ್ಟರು. ಕೊನೆಯವರೆಗೂ ಏಳದೆ ಉಂಡವರಿಗೆ ಗೆಲುವು. ಹುಡುಗಿಯರ ಸಾಲಿನಲ್ಲಿ ಓನರ್ ಮಗಳು ಕೂತಳು. ನಾನೂ ಹೋಗಿ ಅವಳ ಪಕ್ಕದಲ್ಲೇ ಕೂತೆ. ನುಂಗಿ ತೋರಿಸುತ್ತೇನೆ, ಆಮೇಲೆ ಹೇಗೆ ಸೇರಿಸಿಕೊಳ್ಳುವುದಿಲ್ಲವೋ ನೋಡೋಣ ಅಂತ ಹಟ.

ಮೊದಲನೆಯದನ್ನು ನುಂಗಿದೆ. ಎರಡನೆಯದರಲ್ಲಿ ತುತ್ತು ಗಂಟಲಲ್ಲೇ ಕೂತಿತು. ನೀರು ಕುಡಿದು ಇಳಿಸಿದೆ. ಮುಂದಿನ ತುತ್ತು ಬಾಯಿಗೆ ಬಿದ್ದದ್ದೇ ತಡ, ದವಡೆ ನನ್ನ ಮಾತು ಕೇಳಲಿಲ್ಲ, ಅಗಿಯತೊಡಗಿತು. ಎದುರಿಗೆ ನಿಂತಿದ್ದ ಹುಡುಗರು 'ಗಮ್, ಗಮ್' ಎಂದು ಕೇಕೆ ಹಾಕಿದರು. ಒಬ್ಬ ಮೊಬೈಲ್ ಹಿಡಿದ. ಎದ್ದು ಹೋಗಿಬಿಡೋಣ ಅನ್ನಿಸಿತು. ಮರುಕ್ಷಣವೇ, ಥೂ, ನಕ್ಕರೆ ನಗಲಿ, ನನಗೇನಂತೆ ಅನ್ನಿಸಿತು. ಖಡಕ್ ರೊಟ್ಟಿ ಕಡಿದು ಬೆಳೆದ ದವಡೆ ಇದು. ಬಿಟ್ಟೆ ನೋಡಿ ಅದರ ಪಾಡಿಗೆ ಅದನ್ನು.

"ಅಗಿಯೋದು ಲೆಕ್ಕಕ್ಕಿಲ್ಲ ಕಣ್ರೋ" ಎಂದು ಮೊಬೈಲ್ ಹಿಡಿದವನು ತಕರಾರು ತೆಗೆದ. ತೀರ್ಪು ಕೊಡಲು ಕುರ್ಚಿ ಹಾಕಿಸಿಕೊಂಡು ಕೂತಿದ್ದ ಓನರ್ ಮನೆಯ ಅಜ್ಜಿ ಅವನನ್ನು ಗದರಿದರು.

"ಒಟ್ಟೆಗೆ ಬಿದ್ರೆ ಆಯ್ತು ಕಣ್ಲಾ. ಎಂಗ್ ಉಂಡ್ರೆ ನಿಂಗೇನ್ಲಾ?"

ಅಷ್ಟರಲ್ಲಿ ಅವಸರವಾಗಿ ನುಂಗುತ್ತಿದ್ದ ಅವರ ಮೊಮ್ಮಗಳಿಗೆ ಬಿಕ್ಕಳಿಕೆ ಹತ್ತಿತು. ನೀರು ಕುಡಿದಳು, ಉಸಿರು ಬಿಗಿಹಿಡಿದಳು, ಕೊನೆಗೆ ಸಾಕು ಅಂತ ಕೈ ಎತ್ತಿಬಿಟ್ಟಳು. ಉಳಿದ ಹುಡುಗಿಯರು ಆಗಲೇ ಎದ್ದಿದ್ದರು. ಗೆದ್ದವಳು ನಾನು. ಎದುರಿಗಿದ್ದ ಹುಡುಗರು ಮಾತ್ರ ಇನ್ನೂ 'ಗಮ್' ಅನ್ನುತ್ತಲೇ ಇದ್ದರು. ಓನರ್ ಮಗಳು ಅವರ ಕಡೆ ತಿರುಗಿದಳು.

"ಯಾರೋ ಅದು ಗಮ್ ಅನ್ನೋದು? ನಮ್ ಹುಡ್ಗಿ ಕಣ್ರೋ ಇವ್ಳು" ಅಂದಳು, ಬಿಕ್ಕಳಿಕೆಯ ನಡುವೆಯೇ.

ಆ ಒಂದು ಮಾತಿಗಾಗಿ ಎಷ್ಟು ಕಾದಿದ್ದೆ! ಎದೆ ತುಂಬಿ ಬಂತು, ನಿಜ. ಆದರೆ ಉತ್ತರ ಕೊಡಲು ಬಾಯಿ ಖಾಲಿ ಇರಲಿಲ್ಲ. ಖಾಲಿ ಮಾಡಿಕೊಳ್ಳುವ ಅವಸರವೂ ನನಗಿರಲಿಲ್ಲ. ಮೊಬೈಲ್ ಹಿಡಿದವನ ಕಡೆಗೇ ಮುಖ ಮಾಡಿ, ನಿಧಾನವಾಗಿ, ಚೆನ್ನಾಗಿ ಅಗಿದೆ.