ಗುಲಾಬಿಗೆ ಹೊದೆಸಿದ ಗೋಣಿ

ಬಾಲ್ಕನಿಯಲ್ಲಿ ಎತ್ತರದ ಮರದ ಪೆಟ್ಟಿಗೆಗಳಲ್ಲಿ ನಾನು ಗುಲಾಬಿ ಬೆಳೆಸಿದ್ದೆ. ನೆಲದ ಗಿಡಕ್ಕೆ ಮಣ್ಣೇ ಕಂಬಳಿ. ಪೆಟ್ಟಿಗೆಯ ಗಿಡಕ್ಕೆ ಜರ್ಮನಿಯ ಈ ನ್ಯೂರೆಂಬರ್ಗಿನ ಚಳಿ ನಾಲ್ಕೂ ಬದಿಯಿಂದ ನುಗ್ಗುತ್ತದೆ. ಅದಕ್ಕೇ ವರ್ಷವಿಡೀ ಬಾಸ್ಮತಿ ಅಕ್ಕಿಯ ಗೋಣಿಗಳನ್ನು ಕೂಡಿಟ್ಟು, ನವೆಂಬರಿನಲ್ಲಿ ಪೆಟ್ಟಿಗೆಗಳಿಗೆ ಎರಡೆರಡು ಸುತ್ತು ಬಿಗಿದು, ಬುಡಕ್ಕೆ ಮಣ್ಣೇರಿಸಿ, ತಂಗಿಯ ಬಾಣಂತನಕ್ಕೆಂದು ಉಡುಪಿಗೆ ಹೋದೆ.

ದಿನಾ ಫೋನಿನಲ್ಲಿ ಗಂಡನನ್ನು ಕೇಳುತ್ತಿದ್ದೆ: "ಗೋಣಿ ಸರಿ ಉಂಟಲ್ಲ?"

"ಉಂಟು ಮಾರಾಯ್ತಿ. ನನಗಿಂತ ನಿನ್ನ ಗಿಡಗಳೇ ಬೆಚ್ಚಗುಂಟು," ಎನ್ನುತ್ತಿದ್ದರು.

ಮಾರ್ಚಿನಲ್ಲಿ ಮರಳಿದಾಗ ಪೆಟ್ಟಿಗೆಗಳು ಬೋಳಾಗಿದ್ದವು. ಉಗುರಿನಿಂದ ಕಾಂಡ ಕೆರೆದು ನೋಡಿದೆ. ಐದೂ ಗಿಡಗಳಲ್ಲಿ ಹಸಿರಿನ ಸುಳಿವಿಲ್ಲ, ಒಳಗೆಲ್ಲ ಬರೀ ಕಂದು.

"ಕ್ರಿಸ್‌ಮಸ್ ಟೈಮಲ್ಲಿ ಆಫೀಸಿನವರು ಊಟಕ್ಕೆ ಬಂದಿದ್ರು. ಬಾಲ್ಕನಿ ತುಂಬ ಅಕ್ಕಿ ಚೀಲ ನೋಡಿದ್ರೆ ಏನಂತಾರೆ ಹೇಳು? ಒಂದು ದಿನಕ್ಕೆ ಅಂತ ತೆಗ್ದೆ, ಮತ್ತೆ ಕಟ್ಲಿಕ್ಕೆ ಮರ್ತೇಹೋಯ್ತು," ಎಂದರು ಗಂಡ.

ಗೋಣಿಗಳನ್ನು ಹುಡುಕುತ್ತ ನಾನು ನೆಲಮಾಳಿಗೆಗೆ ಇಳಿದೆ. ಹದಿನೈದು ವರ್ಷದಲ್ಲಿ ತಮ್ಮದೊಂದು ಅಂಗಿಯನ್ನೂ ಮಡಚದ ಮಹಾನುಭಾವರು ಗೋಣಿಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ, ಹಗ್ಗ ಕಟ್ಟಿ, ಹಳೆಯ ಹಾಸಿಗೆಯ ಹಿಂದೆ ತುರುಕಿದ್ದರು. ಮರೆತವರು ಹೀಗೆ ಅಡಗಿಸಿಡುವುದಿಲ್ಲ.